ಸಾವಂತ್ರವ್ವ ಕಿವಿಯಿಂದ ಗುರುತಿಸಿದ ಮೀನುಗಳು

ಬೆಟಗೇರಿ, ಎರಡನೆಯ ಬೇಸಿಗೆಯ ನಲವತ್ತೊಂದನೆಯ ದಿನ. ಇಂಥದೊಂದು ದಿನ ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ವರ್ಷವನ್ನು ೨೨೧೯ ಎಂದಿಟ್ಟುಕೊಳ್ಳಿ.

ಗದಗಿನ ಯಾವುದೋ ಅಂಗಡಿಯಿಂದ ಪಟ್ಟೆಪಟ್ಟೆಯ ಪ್ಲೆಕೊ ಮೀನುಗಳನ್ನು ಮೊದಲ ಸಲ ಮನೆಗೆ ತಂದವರಿಗೆ ಹೇಮಾಕ್ಷಿಯ ನಮಸ್ಕಾರಗಳು.

ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತು ಬರೆಯುತ್ತಿದ್ದೇನೆ. ಕೆಲವು ವಸ್ತುಗಳಿಗೆ ನಿಮ್ಮಲ್ಲಿ ಹೆಸರೇ ಇರಲಿಲ್ಲ, ಅವನ್ನು ನಮ್ಮ ಹೆಸರಿನಿಂದಲೇ ಕರೆದು, ಏನೆಂದು ಹೇಳುತ್ತ ಹೋಗುತ್ತೇನೆ.

ನಾವು ನೆಲಮನೆಗಳಲ್ಲಿ ವಾಸಿಸುತ್ತೇವೆ. ಬೆಟಗೇರಿಯ ನೇಕಾರರು ಮೊದಲಿನಿಂದಲೂ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ನೇಯ್ದವರು. ಬಿಸಿಲು ತಡೆಯಲಾಗದ ಕಾಲ ಬಂದಾಗ ಆ ಕುಣಿಗಳನ್ನೇ ಆಳವಾಗಿ, ಅಗಲವಾಗಿ ತೋಡಿ ಅಲ್ಲಿಯೇ ಉಳಿದುಬಿಟ್ಟರು. ಮೇಲೆ ಹೋಗುವುದು ಬೆಳಗಿನ ಎರಡು ತಾಸು, ಸಂಜೆಯ ಎರಡು ತಾಸು. ಅದನ್ನು ತಂಪುಹೊತ್ತು ಎನ್ನುತ್ತೇವೆ. ಗುಡ್ಡದ ಗಾಳಿಯಂತ್ರಗಳಿಂದ ಬರುವ ವಿದ್ಯುತ್ತಿನಲ್ಲಿ ದೀಪ ಉರಿಯುತ್ತದೆ, ಮಗ್ಗ ಓಡುತ್ತದೆ, ಮೀನಿನ ತೊಟ್ಟಿಯ ಗುಳ್ಳೆ ಏಳುತ್ತದೆ. ಗಾಳಿ ನಿಂತರೆ ಈ ಮೂರೂ ನಿಲ್ಲುತ್ತವೆ. ಕೊಳವೆಬಾವಿಯ ನೀರು ಈ ಮೀನುಗಳಿಗೆ ತೀರ ಗಡಸು. ಹೀಗಾಗಿ ಬೆಳಗಿನ ಜಾವದ ಮಂಜನ್ನು ಬಲೆಗಳಲ್ಲಿ ಹಿಡಿದು, ಹನಿಹನಿಯಾಗಿ ಕೂಡಿಟ್ಟು ತೊಟ್ಟಿಗೆ ಹಾಕುತ್ತೇವೆ. ನಾನು ಕುಡಿಯುವ ನೀರಿಗಿಂತ ನನ್ನ ಮೀನುಗಳ ನೀರು ಮೆದು.

ಬೆರಳುದ್ದದ ಮೀನು, ಬಿಳಿ ಮೈ, ಕಪ್ಪು ಎಳೆಗಳು. ತಲೆಯ ಕೆಳಗೆ ಬಟ್ಟಲಿನಂಥ ಬಾಯಿ. ಕಲ್ಲಿಗೋ ಕಟ್ಟಿಗೆಗೋ ಅಂಟಿಕೊಂಡು ಇಡೀ ಹಗಲು ಅಲುಗಾಡುವುದಿಲ್ಲ. ಅವನ್ನು ನೀವು ಕೊಂಡಾಗ ಅಂಗಡಿಯವನು ಯಾವ ಹೆಸರು ಹೇಳಿದನೋ ತಿಳಿಯದು. ನಿಮ್ಮ ಕಾಲದಲ್ಲಿ ವಿಜ್ಞಾನಿಗಳು ಹೆಸರಿಡುವ ಮುನ್ನವೇ ಇಂಥ ಮೀನುಗಳಿಗೆ ಎಲ್ ಅಕ್ಷರ, ಅದರ ಮುಂದೊಂದು ಸಂಖ್ಯೆ ಕೊಡುತ್ತಿದ್ದರಂತೆ. ನಮ್ಮ ಮನೆ ತಲುಪುವಷ್ಟರಲ್ಲಿ ಆ ಸಂಖ್ಯೆ ಅಳಿಸಿಹೋಗಿತ್ತು. ನೇಕಾರರ ಮನೆಯಾದ್ದರಿಂದ ಅವುಗಳಿಗೆ ಸೀರೆಯ ದಡಿಯ ಹೆಸರು ಬಂತು. ಎಳೆಗಳು ಬಾಲದವರೆಗೂ ಬೇರೆಬೇರೆಯಾಗಿ ಸಾಗುವುದು ಗೋಮಿ. ಬಾಲದ ಬುಡದಲ್ಲಿ ಎರಡು ಎಳೆ ಕೂಡಿಕೊಳ್ಳುವುದು ಗಾಡಿ. ಇವು ಎರಡು ಬೇರೆ ಜಾತಿಗಳು, ಬೇರೆ ನದಿಗಳಿಂದ ಬಂದವು. ಆದರೆ ಒಂದೇ ತೊಟ್ಟಿಯಲ್ಲಿ ಬಿಟ್ಟರೆ ಬೆರೆಯುತ್ತವೆ, ಮರಿಗಳೂ ಆಗುತ್ತವೆ.

ಇದನ್ನು ನನಗೆ ಕಲಿಸಿದವರು ನನ್ನ ಅತ್ತೆ ಸಾವಂತ್ರವ್ವ. ನಾನು ಸೊಸೆಯಾಗಿ ಬಂದಾಗ ಅವರಿಗೆ ಅರವತ್ತೆರಡು, ನನಗೆ ಇಪ್ಪತ್ತನಾಲ್ಕು. ಮಗ್ಗದ ಪಕ್ಕದಲ್ಲಿ ಎರಡು ತೊಟ್ಟಿ, ಎರಡಕ್ಕೂ ಬೇರೆ ಬಲೆ, ಬೇರೆ ಬಕೆಟ್ಟು. ನನ್ನ ಗಂಡ ಅಂದಾನೆಪ್ಪ ಒಳ್ಳೆಯ ನೇಕಾರ, ಮೀನಿನ ವಿಷಯದಲ್ಲಿ ಮಾತ್ರ ತಾಯಿ ಹೇಳಿದಷ್ಟು ಮಾಡಿ ಸುಮ್ಮನಾಗುವವನು. ನನಗೆ ಅವೆರಡೂ ಒಂದೇ ಥರ ಕಾಣುತ್ತಿದ್ದವು. ಎರಡು ತೊಟ್ಟಿ ತೊಳೆಯುವುದು ಸುಮ್ಮನೆ ಎರಡು ಪಟ್ಟು ಕೆಲಸವೆಂದು ಒಳಗೊಳಗೇ ಗೊಣಗುತ್ತಿದ್ದೆ.

ಮದುವೆಯಾದ ಎರಡನೆಯ ವರ್ಷ ಅತ್ತೆ ಮಗಳ ಹೆರಿಗೆಗೆಂದು ಬಾಗಲಕೋಟೆಗೆ ಹೋದರು. ಅದೇ ತಿಂಗಳು ಐದು ದಿನ ಗಾಳಿ ಬೀಸಲಿಲ್ಲ. ಒಂದೇ ತೊಟ್ಟಿಯ ಗುಳ್ಳೆಯನ್ನು ಕೈಪಂಪಿನಿಂದ ನಡೆಸಲು ಸಾಧ್ಯವಿತ್ತು. ಗಾಡಿ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯತೊಡಗಿದಾಗ ಎಲ್ಲವನ್ನೂ ಬಾಚಿ ಗೋಮಿಯ ತೊಟ್ಟಿಗೆ ಹಾಕಿದೆ. ಒಂದೂ ಸಾಯಲಿಲ್ಲ. ಗಾಳಿ ಮರಳಿದ ಮೇಲೆ ಬೇರ್ಪಡಿಸಬೇಕಿತ್ತು, ಬೇರ್ಪಡಿಸಲಿಲ್ಲ. ಒಂದೇ ತೊಟ್ಟಿ ತೊಳೆಯುವ ಸುಖ ಹತ್ತಿಬಿಟ್ಟಿತ್ತು. ಅತ್ತೆ ಅಲ್ಲಿಯೇ ಕಾಯಿಲೆ ಬಿದ್ದು, ಹಿಂದಿರುಗುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ತೊಟ್ಟಿಯ ತುಂಬ ಮರಿಗಳು. ನಾನು ಹೆಮ್ಮೆಯಿಂದ ಕೈಹಿಡಿದು ಕರೆದೊಯ್ದು ತೋರಿಸಿದೆ.

ಅವರು ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಬಹಳ ಹೊತ್ತು ನೋಡಿದರು.

"ಇವು ಯಾವ ತೊಟ್ಟ್ಯಾಗಿನ ಮರಿ, ಹೇಮಾ?"

"ಎರಡೂ ಒಂದ ತೊಟ್ಟ್ಯಾಗ ಹಾಕೇನ್ರಿ ಅತ್ತಿ. ಗಾಳಿ ನಿಂತಿತ್ರಿ."

ಊಟಕ್ಕೆ ಕೂತೆವು. ರೊಟ್ಟಿ ಮುರಿಯುತ್ತ, ನನ್ನತ್ತ ನೋಡದೆ ಹೇಳಿದರು: "ಸಾಯೂದಕ್ಕಿಂತ ಕೂಡಿ ಇದ್ದದ್ದ ಛಲೋ ಆತು. ನೀ ಉಳಿಸೀದಿ. ಇನ್ನ ಬಿಡಸೂಣು."

ಬಿಡಿಸುವುದಕ್ಕೆ ಏಳು ವರ್ಷ ಹಿಡಿಯಿತು. ದೊಡ್ಡ ಮೀನುಗಳನ್ನು ಒಂದು ಮಧ್ಯಾಹ್ನದಲ್ಲಿ ಬೇರೆ ಮಾಡಿದೆವು, ಕಷ್ಟವಿದ್ದದ್ದು ಮರಿಗಳದು. ಎಳೆಯದರಲ್ಲಿ ಎಲ್ಲದರ ಎಳೆಯೂ ಒಂದೇ. ಎರಡು ವರ್ಷ ತುಂಬುವವರೆಗೆ ಕಾಯಬೇಕು, ಒಂದೊಂದನ್ನೂ ಗಾಜಿನ ಡಬ್ಬಿಯಲ್ಲಿ ಹಿಡಿದು, ಕಣ್ಣಿನ ಹಿಂದೆ ಎಷ್ಟು ಎಳೆ, ಬೆನ್ನಿನ ರೆಕ್ಕೆಯ ಕೆಳಗೆ ಎಷ್ಟು, ಬಾಲದ ಬುಡದಲ್ಲಿ ಕೂಡುತ್ತವೆಯೋ ಇಲ್ಲವೋ ನೋಡಬೇಕು. ಸರಿಯೆನಿಸಿದವುಗಳ ಮರಿಗಳನ್ನೂ ಮತ್ತೆ ಹೀಗೆಯೇ ಕಾದು ನೋಡಬೇಕು. ಅತ್ತೆ ಅದನ್ನೆಲ್ಲ ಸೀರೆಯ ನಕ್ಷೆ ಬರೆಯುವ ಚೌಕುಳಿ ಹಾಳೆಯ ಮೇಲೆ ತೆಗೆಯುತ್ತಿದ್ದರು. ಬೆರೆತ ಮೀನುಗಳನ್ನು ಅವರು ಕೊಲ್ಲಗೊಡಲಿಲ್ಲ. ಮೂರನೆಯ ತೊಟ್ಟಿ ಮಾಡಿಸಿ, ಅದರಲ್ಲಿ ಮರಿಗೂಡು ಇಡದೆ, ಕುಂಬಳದ ಹೋಳು ಹಾಕಿ ಮುಪ್ಪಿನವರೆಗೂ ಸಾಕಿದರು. ಮರಿಗೂಡೆಂದರೆ ಒಂದು ಬದಿ ಮುಚ್ಚಿದ ಮಣ್ಣಿನ ಕೊಳವೆ. ಗಂಡು ಮೀನು ಅದರೊಳಗೆ ಸೇರಿ, ಬಂದ ಹೆಣ್ಣನ್ನು ಮೊಟ್ಟೆಯಿಡುವವರೆಗೆ ಒಳಗೇ ತಡೆದು, ಆಮೇಲೆ ತಾನೊಬ್ಬನೇ ಊಟ ಬಿಟ್ಟು ಬಾಲದಿಂದ ಗಾಳಿ ಹಾಕುತ್ತ ಕಾಯುತ್ತದೆ. ಕೂಡಿಟ್ಟ ಮಂಜುನೀರನ್ನು ಒಮ್ಮೆಲೇ ತಂಪಾಗಿ ಸುರಿದರೆ ಮಳೆ ಬಂತೆಂದು ಬಗೆದು ಮೊಟ್ಟೆಯಿಡಲು ಸಿದ್ಧವಾಗುತ್ತವೆ. ಇದೂ ಅತ್ತೆಯೇ ಕಂಡುಕೊಂಡದ್ದು.

ಮೂರನೆಯ ವರ್ಷ ಅವರ ಕಣ್ಣು ಮಂಜಾಗತೊಡಗಿತು. ನಾಲ್ಕನೆಯ ವರ್ಷ ಪೂರಾ ಹೋಯಿತು. ಇನ್ನು ಕೈಬಿಡುತ್ತಾರೆಂದುಕೊಂಡೆ. ಅವರು ನನ್ನನ್ನು ತೊಟ್ಟಿಯ ಮುಂದೆ ಕೂರಿಸಿ, ತಾವು ಬೆನ್ನಹಿಂದೆ ಮಣೆ ಹಾಕಿಕೊಂಡರು. ನಾನು ಎಳೆಗಳನ್ನು ಬಾಯಲ್ಲಿ ಹೇಳಬೇಕು, ಅವರು ಕೇಳಿ ಜಾತಿ ಹೇಳಬೇಕು. ನೇಯ್ಗೆಯ ನಕ್ಷೆಯನ್ನು ಓದಿ ಹೇಳುವಂತೆ ಹೇಳುತ್ತಿದ್ದೆ. ಅವರ ಬೆರಳುಗಳು ತೊಡೆಯ ಮೇಲೆ ಆಡುತ್ತಿದ್ದವು. ಆ ಮಧ್ಯಾಹ್ನಗಳಲ್ಲಿಯೇ ನನಗೆ ಗೋಮಿ, ಗಾಡಿ ಬೇರೆಬೇರೆಯಾಗಿ ಕಂಡದ್ದು. ಅತ್ತೆಯ ಮೇಲೆ ನನಗಿದ್ದ ಭಯ ಯಾವಾಗ ಇನ್ನೊಂದೇನೋ ಆಯಿತೆಂದು ಕೇಳಿದರೂ ಆ ಮಧ್ಯಾಹ್ನಗಳನ್ನೇ ತೋರಿಸುತ್ತೇನೆ.

ಹಾಗಿದ್ದೂ ಏಳನೆಯ ವರ್ಷ ಅವರಿಗೆ ಒಂದು ಸುಳ್ಳು ಹೇಳಿದೆ. ಒಂದು ಹೆಣ್ಣುಮರಿ ಇತ್ತು, ಹಾಲಿನಂಥ ಬಿಳುಪು, ಕಾಡಿಗೆ ತೀಡಿದಂಥ ಎಳೆ. ಅಷ್ಟು ಚೆಂದದ ಮೀನು ನಮ್ಮ ಮನೆಯಲ್ಲಿ ಹಿಂದೆಂದೂ ಹುಟ್ಟಿರಲಿಲ್ಲ. ಬಾಲದ ಬುಡದಲ್ಲಿ ಮಾತ್ರ ಎರಡು ಎಳೆ ಕೂದಲಷ್ಟು ಕೂಡಿದ್ದವು. ಅದನ್ನು ಮೂರನೆಯ ತೊಟ್ಟಿಗೆ ಹಾಕಲು ಮನಸ್ಸಾಗಲಿಲ್ಲ. ಕೂಡಿಲ್ಲವೆಂದೆ. ಅತ್ತೆ ಗೋಮಿ ಎಂದರು. ಮಾರನೆಯ ದಿನ, ತಮಗೆ ಹೊತ್ತು ಹೋಗುವುದಿಲ್ಲ, ಕಟ್ಟಿಗೆ ಕೆರೆಯುವ ಸದ್ದಾದರೂ ಕೇಳಲಿ ಎಂದು ಒಂದು ಮೀನನ್ನು ಮಂಚದ ಪಕ್ಕದ ಸಣ್ಣ ತೊಟ್ಟಿಯಲ್ಲಿಡಲು ಹೇಳಿದರು. ನಿನ್ನೆ ನಾನು ಬಣ್ಣಿಸಿದ ಆ ಚೆಂದದ್ದೇ ಇರಲಿ ಎಂದರು. ನನಗೆ ಹೊಟ್ಟೆಕಿಚ್ಚಾಯಿತು, ಆದರೂ ತಂದಿಟ್ಟೆ. ಅದು ಅಲ್ಲಿ ಒಂಟಿಯಾಗಿ ಹದಿನೇಳು ವರ್ಷ ಬದುಕಿತು.

ಆ ಹದಿನೇಳನೆಯ ವರ್ಷ ಜುರೆಮಾ ಬಂದಳು. ಗೋಮಿ ಮೀನಿನ ನದಿ ಇರುವುದು ದಕ್ಷಿಣ ಅಮೆರಿಕದಲ್ಲಿ. ಅಣೆಕಟ್ಟಿನ ಕೆಳಗೆ ನಾಲ್ಕು ತಲೆಮಾರು ಬತ್ತಿ ಬಿದ್ದಿದ್ದ ಅದನ್ನು ದಡದ ಜನ ಮತ್ತೆ ಹರಿಯಿಸಿದ್ದರು. ಈ ಕೆಲಸಕ್ಕೆ ನದಿಮರಳಿಕೆ ಎನ್ನುತ್ತಾರೆ. ನೀರು ಬಂದಿತ್ತು, ಮೀನು ಮಾತ್ರ ಇರಲಿಲ್ಲ. ಜಗತ್ತಿನಲ್ಲಿ ಅದು ಉಳಿದಿದ್ದರೆ ಯಾರದಾದರೂ ಮನೆಯ ತೊಟ್ಟಿಯಲ್ಲಿ ಉಳಿದಿರಬೇಕು. ಆ ದಡದ ಜನರ ಪರವಾಗಿ ಜುರೆಮಾ ಒಂಬತ್ತು ದೇಶಗಳಲ್ಲಿ ಹುಡುಕಿದ್ದಳು. ಎಲ್ಲಿಯೂ ಬೆರೆತ ಮೀನುಗಳೇ ಸಿಕ್ಕಿದ್ದವು. ಆಕೆ ನಲವತ್ತರ ಹೆಂಗಸು, ಕುಳ್ಳಗೆ ಗಟ್ಟಿಯಾಗಿದ್ದಳು. ಮಾತನ್ನು ತಿರುಗಿಸಿ ಕೇಳಿಸುವ ನುಡಿಓಲೆಯನ್ನು ನಮ್ಮೆಲ್ಲರ ಕಿವಿಗೂ ಸಿಕ್ಕಿಸಿ ಕೂತಳು. ರಕ್ತದ ಒಂದು ಹನಿಯಿಂದ ವಂಶ ಹೇಳುವ ತಳಿಸೂಜಿ ಆಕೆಯ ಬಳಿ ಇತ್ತು. ಫಲ ತಿಳಿಯಲು ಮೂರು ದಿನ. ಅದಕ್ಕೂ ಮೊದಲು ಸಾಕಿದವರು ಒಂದು ಮಾತು ಕೊಡಬೇಕಿತ್ತು. ತಿಳಿದೂ ತಿಳಿದೂ ತಪ್ಪು ಹೆಸರಿಟ್ಟ ಮೀನು ಒಂದಿದ್ದರೂ ಹೇಳಬೇಕು. ಮುಚ್ಚಿಟ್ಟದ್ದು ಮುಂದೆ ಗೊತ್ತಾದರೆ ಆ ಮನೆಯ ಒಂದು ಮೀನನ್ನೂ ನದಿ ಸ್ವೀಕರಿಸುವುದಿಲ್ಲ.

ಅತ್ತೆಗೆ ಆಗ ಎಂಬತ್ತೆಂಟು. ಮಂಚದ ಮೇಲೆ ಕೂತು, ಮುಖವನ್ನು ನಮ್ಮತ್ತ ತಿರುಗಿಸಿ ಕೇಳುತ್ತಿದ್ದರು. ಅಂದಾನೆಪ್ಪ ಅಂಥ ಮೀನು ಇಲ್ಲವೆಂದು ಹೆಬ್ಬೆರಳೊತ್ತಲು ಹೊರಟಿದ್ದ. ನಾನು ಅವನ ಕೈಹಿಡಿದೆ.

"ಅತ್ತಿ, ನಿಮ್ಮ ಮಂಚದ ಹತ್ರದ ಮೀನಿನ ಎಳಿ ಬಾಲದಾಗ ಕೂಡಿತ್ರಿ. ನಾ ಕೂಡಿಲ್ಲಂತ ಹೇಳಿದ್ದೆ."

"ಗೊತ್ತೈತಿ," ಎಂದರು ಸಾವಂತ್ರವ್ವ. "ಉಳಿದ ಮೀನಿಗೆಲ್ಲ ಬಾಲದ ಹತ್ರ ಬಂದಾಗ ನಿನ್ನ ದನಿ ನಿಧಾನ ಆಗತಿತ್ತು. ಅವತ್ತ ಲಗೂನ ಹೇಳಿ ಮುಗಿಸಿದಿ. ಅದಕ್ಕ ಅದನ್ನ ನನ್ನ ಹತ್ರ ಇಟಗೊಂಡೆ."

ಅದು ಗೋಮಿಯ ತೊಟ್ಟಿಯಲ್ಲಿದ್ದದ್ದು ಒಂದೇ ದಿನ, ಮೊಟ್ಟೆಯಿಡುವ ವಯಸ್ಸಾಗುವ ಮುನ್ನವೇ. ನಾನು ಅಳುತ್ತಿದ್ದೆ. ಅವತ್ತೇ ಹೇಳಬಹುದಿತ್ತಲ್ಲ ಎಂದು ಕೇಳಿದೆ.

"ಹೇಳಿದ್ರ ನೀ ಮುಂದ ಎಲ್ಲಾನೂ ಅಂಜಿ ಅಂಜಿ ಹೇಳತಿದ್ದಿ. ನನಗ ನಿನ್ನ ಕಣ್ಣು ಬೇಕಿತ್ತವ್ವಾ."

ಜುರೆಮಾ ನಾನು ಹೇಳಿದ್ದನ್ನೂ ಅತ್ತೆ ಹೇಳಿದ್ದನ್ನೂ ಇದ್ದಂತೆಯೇ ಬರೆದುಕೊಂಡಳು. ಮೂರನೆಯ ದಿನ ಫಲ ಬಂತು. ಗೋಮಿಯ ತೊಟ್ಟಿಯಲ್ಲಿ ಮೂವತ್ತೊಂದು ಮೀನು, ಮೂವತ್ತೊಂದೂ ಗೋಮಿಯೇ. ಆಕೆ ಎದ್ದುಹೋಗಿ ಅತ್ತೆಯ ಕೈಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದಳು.

ಒಂದು ಗಂಡು ಮರಿಗೂಡಿನಲ್ಲಿ ಮೊಟ್ಟೆ ಕಾಯುತ್ತಿತ್ತು. ಆಗ ಕದಲಿಸಿದರೆ ಮೊಟ್ಟೆಗಳನ್ನು ಹೊರಗೆ ತಳ್ಳಿಬಿಡುತ್ತದೆ. ಜುರೆಮಾ ತನ್ನ ಪ್ರಯಾಣವನ್ನೇ ಹದಿನೆಂಟು ದಿನ ಮುಂದೂಡಿ ನಮ್ಮ ಮಗ್ಗದ ಪಕ್ಕದಲ್ಲಿ ಮಲಗಿದಳು. ತಂಪುಹೊತ್ತಿನಲ್ಲಿ ನನ್ನೊಡನೆ ಮಂಜಿನ ಬಲೆ ಝಾಡಿಸಲು ಬರುತ್ತಿದ್ದಳು. ರೊಟ್ಟಿ ಬಡಿಯಲು ಕಲಿತಳು. ಅವಳದು ಎಂದೂ ದುಂಡಗಾಗಲಿಲ್ಲ. ತಮ್ಮ ಕಡೆ ಇಂಥ ಮೀನಿಗೆ ಅಕಾರಿ ಎನ್ನುತ್ತಾರೆಂದೂ, ತನ್ನ ಅಜ್ಜಿಗೂ ಆ ಹೆಸರು ಗೊತ್ತಿತ್ತೇ ಹೊರತು ಮೀನನ್ನು ಕಂಡಿರಲಿಲ್ಲವೆಂದೂ ಹೇಳಿದಳು. ಅತ್ತೆ ಆ ಹೆಸರನ್ನು ನಾಲ್ಕಾರು ಸಲ ಬಾಯಲ್ಲಿ ಆಡಿಸಿ ಕಲಿತುಕೊಂಡರು. ಮರಿಗಳು ಹೊಟ್ಟೆಯ ಹಳದಿ ಚೀಲ ಕರಗಿಸಿಕೊಂಡು ಹೊರಗೆ ಬಂದ ದಿನ ಗೋಮಿಯ ತೊಟ್ಟಿ ಬರಿದು ಮಾಡಿ ಎಲ್ಲವನ್ನೂ ಜುರೆಮಾಳ ಕೈಗಿಟ್ಟೆವು.

ಎರಡು ವರ್ಷ ಸುದ್ದಿಯಿರಲಿಲ್ಲ. ಆಮೇಲೆ ಜುರೆಮಾಳ ಧ್ವನಿ ಬಂತು. ಬಂಡೆಯ ಬಿರುಕಿನಲ್ಲಿ ಮರಿಗಳನ್ನು ಕಂಡಿದ್ದಳು, ನದಿಯಲ್ಲಿಯೇ ಹುಟ್ಟಿದ ಮರಿಗಳು. ಅತ್ತೆಯ ಕಿವಿಯ ಹತ್ತಿರ ಬಗ್ಗಿ ಹೇಳಿದೆ. ಅವರು ಎಪ್ಪತ್ತು ವರ್ಷ ಮೀನು ಸಾಕಿದವರು, ಮೊದಲು ಕೇಳಿದ್ದು ಅಲ್ಲಿ ಅವುಗಳಿಗೆ ಊಟ ಹಾಕುವವರು ಯಾರೆಂದು.

"ಯಾರೂ ಹಾಕೂದಿಲ್ರಿ ಅತ್ತಿ. ತಾವಾ ಹುಡಕಿ ತಿಂತಾವ."

ಅವರಿಗೆ ಅದೇನು ಅನಿಸಿತೋ, ನಗತೊಡಗಿದರು. ನಗುನಗುತ್ತ ಕೆಮ್ಮು ಬಂತು. ನೀರು ಕುಡಿಸಿದ ಮೇಲೂ ನಗುತ್ತಿದ್ದರು. ಮುಂದಿನ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ, ಮಾತಾಡುತ್ತಿದ್ದಂತೆಯೇ ತೀರಿಕೊಂಡರು.

ಈಗ ನನ್ನ ಕೋರಿಕೆ. ನೀವು ಕೊಂಡ ಮೀನಿನ ನಿಜವಾದ ಹೆಸರು, ಅದರ ನದಿ, ತಂದ ದಿನ, ಇವನ್ನು ಒಂದು ಚೀಟಿಯಲ್ಲಿ ಅಳಿಸದ ಮಸಿಯಿಂದ ಬರೆದು ತೊಟ್ಟಿಗೆ ಅಂಟಿಸಿ. ತಿಳಿಯದಿದ್ದರೆ ತಿಳಿಯದು ಎಂದೇ ಬರೆಯಿರಿ, ಊಹಿಸಿ ಬರೆಯಬೇಡಿ. ತೊಟ್ಟಿ ಮೀರಿ ಬೆಳೆದ ಮೀನನ್ನು ಊರ ಕೆರೆಗೆ ಬಿಡಬೇಡಿ. ಸಾಕುವವರನ್ನು ಹುಡುಕಿ ಕೊಡಿ. ಜೀವ ಉಳಿಸಲು ಎರಡು ಜಾತಿ ಕೂಡಿಸಬೇಕಾಗಿ ಬಂದರೆ ಕೂಡಿಸಿ, ಗಾಳಿ ಬಂದ ದಿನವೇ ಬೇರ್ಪಡಿಸಿ.

ಇನ್ನೊಂದಿದೆ. ನದಿಮರಳಿಕೆಯವರು ಆ ದಡದಲ್ಲಿ ಒಂದು ಕಲ್ಲು ನಿಲ್ಲಿಸಿದ್ದಾರೆ. ಗೋಮಿಯನ್ನು ಸಾಕಿ ಉಳಿಸಿದವರ ಹೆಸರುಗಳನ್ನು ಅದರ ಮೇಲೆ ತಲೆಮಾರಿನ ಕ್ರಮದಲ್ಲಿ ಕೆತ್ತಿದ್ದಾರೆ. ಕೊನೆಯದು ನನ್ನದು, ಅದರ ಮೇಲೆ ಸಾವಂತ್ರವ್ವನದು, ಅದರ ಮೇಲೆ ತವರಿನಿಂದ ಮೀನು ಕೊಟ್ಟು ಕಳಿಸಿದ ಅವರ ತಾಯಿಯದು, ಅಜ್ಜನದು, ಹೀಗೆ ಮೇಲಕ್ಕೆ. ಎಲ್ಲಕ್ಕಿಂತ ಮೇಲಿನ ಸಾಲು ಮೊದಲು ತಂದವರದು, ಅಲ್ಲಿ ಕೆತ್ತಲು ಹೆಸರು ಸಿಗದೆ ಕಲ್ಲನ್ನು ನಯಮಾಡಿ ಜಾಗ ಬಿಟ್ಟಿದ್ದಾರೆ. ಚೀಟಿಯಲ್ಲಿ ಮೀನಿನ ಹೆಸರಿನ ಕೆಳಗೆ ನಿಮ್ಮ ಹೆಸರನ್ನೂ ಬರೆಯಿರಿ.