ಹೋಗದ ಬಣ್ಣ

ಭಾನುವಾರ, 20 ಜನವರಿ 1957. ಬಾಂದ್ರಾ.

ಗುಡಿಪಾಡ್ವಕ್ಕೆ, ಅಂದರೆ ಇಲ್ಲಿಯವರ ಯುಗಾದಿಗೆ, ಹಂಚುವ ಚೀಲದ ಬಗ್ಗೆ ನಾಳೆ ಜೋಗೇಶ್ವರಿಯ ಪ್ರಿಂಟರಿಗೆ ಏನು ಹೇಳಲಿ? ತಲೆ ಕೆಟ್ಟುಹೋಗಿದೆ.

ಹೊಸ ವರ್ಷಕ್ಕೆ ಗಿರಾಕಿಗಳಿಗೆ ಹಂಚಲು ನಮ್ಮ ಹೋಟೆಲಿನ ಹೆಸರಿನ ಬಟ್ಟೆ ಚೀಲ ಮಾಡಿಸಿದೆವಲ್ಲ, ಆಗಲೇ ಪಾಲುದಾರ ಭಾವ ಅಣ್ಣು ಬಡಕೊಂಡ, ಅಗ್ಗದ ಶಾಯಿಯಲ್ಲಿ ಮರದ ಅಚ್ಚು ಒತ್ತಿಸಿದರೆ ಸಾಕು ಅಂತ. ನಾನೇ ಹಠ ಹಿಡಿದು ಸ್ಕ್ರೀನ್ ಪ್ರಿಂಟ್ ಮಾಡಿಸಿದೆ. "ಬಟ್ಟೆ ಹರಿದರೂ ಬಣ್ಣ ಹೋಗದು, ಶೇಠ್" ಎಂದಿದ್ದ ಪ್ರಿಂಟರ್. ಹಾಳಾದ್ದು, ನಿಜಕ್ಕೂ ಹೋಗುವುದಿಲ್ಲ! ಇವತ್ತು ಮೀನು ಮಾರ್ಕೆಟಿನ ಮುಂದೆ ನೋಡುತ್ತೇನೆ, ಕಂಡಕಂಡವರ ಕೈಯಲ್ಲಿ ನಮ್ಮದೇ ಚೀಲ. ಹಸಿರು ಅಕ್ಷರದಲ್ಲಿ 'ಶುದ್ಧ ಸಸ್ಯಾಹಾರ', ಅದರ ಮೇಲೆ ಇಣುಕುವ ಬೊಂಬಿಲ್ ಮೀನಿನ ಬಾಲ.

ಅಣ್ಣುವಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಗುಡಿಪಾಡ್ವಕ್ಕೆ ಮರದ ಅಚ್ಚೇ ಹಾಕಿಸುವ, ಭಾವ. ಒಂದೇ ಒಗೆತಕ್ಕೆ ಹೆಸರು ಹೋಗಲಿ, ಮಾನ ಉಳಿಯಲಿ."

ನಗುವ ವಿಷಯವಾ ಇದು?

ಸಿಟ್ಟಿನಲ್ಲೇ ಮನೆಗೆ ಬಂದೆ. ಹೆಂಡತಿ ಅಕ್ಕು ಬಂಗುಡೆ ಮೀನಿನ ಸಾರು ಬಡಿಸಿದಳು. ಎರಡೆರಡು ಸಲ ಹಾಕಿಸಿಕೊಂಡು ಉಂಡೆ. ಕೈ ತೊಳೆಯಲು ಎದ್ದರೆ ಮೋರಿಯ ಪಕ್ಕದಲ್ಲಿ ಒಗೆದು ಹರವಿದ್ದಾಳೆ, ನಮ್ಮದೇ ಚೀಲ.

ಒಂದಕ್ಷರವೂ ಮಾಸಿಲ್ಲ.