ಹಾನಗಲ್ಲಿನ ಹಸಿ ನೆಲ

೯ ಆಗಸ್ಟ್ ೧೯೩೮, ಮಂಗಳವಾರ

ಸವಣೂರಿನ ಕುರುಬರ ಹೂವಪ್ಪನಿಗೆ ಹಾನಗಲ್ಲಿಗೆ ಬಾ ಎಂದವನು ನಾನೇ. ದನದ ಡಾಕ್ಟರನಾದ ನನ್ನ ಮಾತು ನಂಬಿ ಅರವತ್ತು ಕುರಿ ಹೊಡೆದುಕೊಂಡು ಬಂದ. ಇಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿದೆ, ಆದರೆ ಮಳೆಗಾಲದಲ್ಲಿ ನೆಲ ಒಣಗುವುದೇ ಇಲ್ಲ. ಒಣ ಬಯಲಿನಲ್ಲಿ ಹುಟ್ಟಿದ ಕುರಿಗಳ ಗೊರಸು ಕೊಳೆತವು. ಕೆರೆಯಂಚಿನ ಹುಲ್ಲಿನಿಂದ ಹೊಟ್ಟೆಗೆ ಹುಳು ಸೇರಿತು. ಉಳಿದಿದ್ದ ಒಂಬತ್ತೂ ಇವತ್ತು ಸತ್ತವು.

ಅವನ ಹೆಂಡತಿ ಅಡಿವೆವ್ವ ಸತ್ತ ಕುರಿಯ ಪಕ್ಕದಲ್ಲಿ ಕುಳಿತೇ ಕೇಳಿದಳು: “ಸಾಹೇಬ್ರ, ಈ ಕಡೆ ಮಂದಿ ಕುರಿ ಯಾಕ ಸಾಕಂಗಿಲ್ಲ ಅಂತ ನಿಮಗ ಗೊತ್ತಿರಲಿಲ್ಲೇನ್ರಿ?”

ಓದಿದ್ದೆ. ಹಸಿರು ಕಂಡು ಮರೆತೆ. “ಗೊತ್ತಿರಲಿಲ್ಲವ್ವಾ” ಎಂದೆ.

“ಬಿಡ್ರಿ ಸಾಹೇಬ್ರ, ನೀವು ಛಲೋ ಆಗಲಿ ಅಂತನ ಹೇಳಿದ್ರಿ” ಎಂದು ಹೂವಪ್ಪ ನನಗೇ ಸಮಾಧಾನ ಹೇಳಿದ.

ನಾಳೆ ಇಬ್ಬರೂ ನಾಯಿಯೊಂದನ್ನೇ ಕರೆದುಕೊಂಡು ಸವಣೂರಿಗೆ ನಡೆಯುತ್ತಾರೆ. ಅವರು ಹೊರಡುವ ಮೊದಲು ನಿಜ ಹೇಳಬೇಕು. ಹೇಳುತ್ತೇನೋ ಇಲ್ಲವೋ ಗೊತ್ತಿಲ್ಲ.