ಒಳಗಿನ ಚಿಲಕ

ಲಿಂಗಸುಗೂರು, ಬುಧವಾರ

ಸಿಂಧನೂರಿನ ಡೋರ್‌ಫೋನ್ ಮೆಕ್ಯಾನಿಕ್ ವೀರೇಂದ್ರ ಅವರಿಗೆ,

‘ಬಾಗಿಲು ಮನೆಯ ಕಿವಿ’ ಎಂಬ ಸಾಲನ್ನು ಎಂ.ಎ. ಓದುವಾಗ ಎಲ್ಲೋ ಕಂಡಿದ್ದೆ. ಕಿವಿಯೋ ಬಾಯಿಯೋ, ಈಗ ಖಚಿತವಿಲ್ಲ. ನೀವು ಕೂಡಿಸಿದ ಬಾಗಿಲು ಮಾತ್ರ ನಮ್ಮ ಯಜಮಾನರ ಮಾತನ್ನಷ್ಟೇ ಕೇಳುತ್ತಿತ್ತು. ನಾನು ಹೊರಗೆ ಹೋಗಬೇಕೆಂದರೆ ಮಸ್ಕಿಯಲ್ಲಿರುವ ಅವರ ಅಂಗಡಿಗೆ ಕರೆ ಮಾಡುತ್ತಿದ್ದೆ. ಅವರು ಅಲ್ಲಿ ಗುಂಡಿ ಒತ್ತಿದರೆ ಇಲ್ಲಿ ಬೀಗ ತೆರೆಯುತ್ತಿತ್ತು.

ಡೋರ್‌ಫೋನಿಗೆ ಸೋಮವಾರ ಬಂದ ಅಪ್‌ಡೇಟ್ ನಂತರ ಅದೂ ನಿಂತಿದೆ. ಕಂಪನಿಗಳು ಕರೆಯ ನಡುವೆ ತಮ್ಮದೇ ಖಾಸಗಿ ಸಂದೇಶ ಕಳಿಸುವುದನ್ನು ಹೊಸ ನಿಯಮ ತಡೆಯುತ್ತದೆ, ನೋಂದಾಯಿಸಿದ ಸಂದೇಶಗಳನ್ನಷ್ಟೇ ಬಿಡುತ್ತದೆ ಎಂದು ನೀವು ಫೋನಿನಲ್ಲಿ ಅವರಿಗೆ ಹೇಳಿದ್ದನ್ನು ಕೇಳಿಸಿಕೊಂಡೆ. ‘ಬಾಗಿಲು ತೆರೆ’ ಎಂಬುದೂ ಅಂಥ ಖಾಸಗಿ ಸಂದೇಶವಂತೆ. ಹೊರಗಿನ ಕೀಲಿ ಅವರ ಜೇಬಿನಲ್ಲಿದೆ. “ಸಂಜೀಕ ಬರ್ತೀನಿ, ಅಲ್ಲೀತನ ನಿನ್ನ ಕವಿತಾ ಓದ್ಕೋಂತ ಕೂಡು,” ಎನ್ನುತ್ತಾರೆ.

ಹಳೆಯದನ್ನೇ ಮತ್ತೆ ನಡೆಸಿಕೊಡಿ ಎಂದು ಅವರು ನಿಮ್ಮನ್ನು ಕೇಳುತ್ತಾರೆ. ದಯವಿಟ್ಟು ನಿಯಮ ಬಿಡುವುದಿಲ್ಲ ಎನ್ನಿ. ಒಳಗಡೆ ಕೈಯಿಂದ ತಿರುಗಿಸುವ ಒಂದು ಚಿಲಕ ಹಾಕಿಕೊಡಿ. ನಾನು ಬರೆದದ್ದು ತಿಳಿಸಬೇಡಿ.

ಇಂತಿ,
ಶಿವಗಂಗಾ

ಫೋನ್ ಮಾಡಿದರೆ ಅವರಿಗೆ ಗೊತ್ತಾಗುತ್ತದೆ. ಅದಕ್ಕೇ ಈ ಕಾಗದವನ್ನು ಬಾಗಿಲ ಕೆಳಗಿನ ಸಂದಿಯಿಂದ ಎದುರುಮನೆಯ ಪಂಪಮ್ಮನಿಗೆ ಅಂಚೆಗೆ ಹಾಕಲು ಕೊಡುತ್ತಿದ್ದೇನೆ. ವಿಷಯ ಕೇಳಿ ಆಕೆ ಆಚೆಯಿಂದ ಅಂದಳು: “ಅಕ್ಕಾರ, ನಮ್ಮ ಎಮ್ಮಿ ಕೋಡಿಲೆ ದೂಡಿದ್ರ ಕೊಟ್ಟಿಗಿ ಬಾಗಿಲ ಒಳಗಿಂದನ ತೆಗಿತೈತ್ರಿ.”